ಮುಚ್ಚದೆ ಬಂದ ಮುದ್ರೆ

ಬೆಳಿಗ್ಗೆ ಒಂದು ಬಾಗಿಲಲ್ಲಿ ಮುಂಗೈಗೆ ಮುದ್ರೆ ಒತ್ತಿಸಿಕೊಂಡರೆ ಸಾಕು, ದಿನವಿಡೀ ಊರಿನ ಬಾಗಿಲುಗಳೆಲ್ಲ ತಾವಾಗಿ ತೆರೆಯುತ್ತಿದ್ದವು. ಒಳಗೆ ನಡೆದದ್ದನ್ನು ಒಂದು ಬಾಗಿಲು ಆ ಮುದ್ರೆಯಲ್ಲಿ ಬರೆದರೆ ಮುಂದಿನದು ಅದನ್ನು ಗಟ್ಟಿಯಾಗಿ ಓದಿಬಿಡುತ್ತದೆಂದು, ಆಸ್ಪತ್ರೆಯಿಂದ ಹೊರಟವರು ಮುದ್ರೆಯ ಮೇಲೆ ಕರವಸ್ತ್ರ ಕಟ್ಟಿಕೊಳ್ಳುವುದು ರೂಢಿ.

ಡಾಕ್ಟರ ಮಾತು ಕೇಳಿ ಬಂದ ಸದಾನಂದ ಅದನ್ನೇ ಮರೆತ. ಮಗಳ ಮದುವೆ ಮುಗಿಯುವವರೆಗೆ ಯಾರಿಗೂ ಹೇಳಬಾರದು ಎಂದುಕೊಳ್ಳುತ್ತಲೇ ಹೆಂಡತಿಯ ಹೊಲಿಗೆ ಅಂಗಡಿಗೆ ಕಾಲಿಟ್ಟ. ಬಾಗಿಲು ಎಂದಿನ ವಿನಯದಿಂದ ಅವನ ಕಾಯಿಲೆಯನ್ನು, ಉಳಿದ ಕಾಲವನ್ನು ಒಪ್ಪಿಸಿತು.

ಮಗಳ ಮದುವೆಗೆಂದು ಅವನ ಕೋಟನ್ನೇ ಹೊಲಿಯುತ್ತಿದ್ದ ಯಮುನಾಳ ಮಷೀನು ನಿಂತಿತು. ಅವನು ಈಗ ಕರವಸ್ತ್ರಕ್ಕೆ ಜೇಬು ತಡಕಿದ.

"ಇಲ್ಲಿ ಬನ್ನಿ," ಎನ್ನುತ್ತ ಅವಳು ಟೇಪು ಹಿಡಿದು ಎದ್ದಳು. "ಮದುವೆ ಹೊತ್ತಿಗೆ ಇಳ್ದೋಗಿರ್ತೀರ. ಸ್ವಲ್ಪ ಒಳಗೆ ಹಿಡೀತೀನಿ. ಯಾರಿಗೂ ಗೊತ್ತಾಗಲ್ಲ."