ಬದಲಿ ಕಾರ್ಡು

ಉಗುರಿನಷ್ಟು ಸಣ್ಣ ಮೆಮೊರಿ ಕಾರ್ಡು ಮತ್ತೆ ಉಳವಪ್ಪನ ಬೆರಳಿನಿಂದ ಜಾರಿ ಸೀಟಿನ ಕೆಳಗೆ ಬಿತ್ತು. ಬೆಳಗಾವಿಯಿಂದ ಖಾನಾಪುರಕ್ಕೆ ಹೊರಟ ಬಸ್ಸು ಇನ್ನೂ ಪೀರನವಾಡಿ ದಾಟಿರಲಿಲ್ಲ.

“ತಡೀರಿ ಕಾಕಾ,” ಎಂದು ಪಕ್ಕದಲ್ಲಿ ಕೂತ ಹುಡುಗಿ ಬಗ್ಗಿ ಅದನ್ನು ಹೆಕ್ಕಿಕೊಟ್ಟಳು.

“ಪುಣ್ಯಾ ಬರತೈತಿ ನಿನಗ. ಏನ ಮಾಡಿದ್ರೂ ಒಳಗ ಕುಂದರವಲ್ದು ನೋಡವ್ವಾ ಇದು.”

ಖಾನಾಪುರದಲ್ಲಿ ಉಳವಪ್ಪನದು ಕಿರಾಣಿ ಅಂಗಡಿ. ಪರಿಚಯದವರೊಬ್ಬರು ಬಳಸಿದ ಹಳೇ ಮಾದರಿಯ ಸ್ಮಾರ್ಟ್‌ಫೋನನ್ನು ಆಸೆಪಟ್ಟು ಕೊಂಡಿದ್ದ. “ನಾಳಿಂದ ಪೂಜಿ ಹೊತ್ತಿನ್ಯಾಗ ಮನಿ ತುಂಬ ವಚನ ಕೇಳತಾವ ನೋಡು,” ಎಂದು ಹೆಂಡತಿ ಬಾಳವ್ವನ ಮುಂದೆ ಜಂಬ ಕೊಚ್ಚಿಕೊಂಡೇ ಮನೆ ಬಿಟ್ಟಿದ್ದ. ಬೆಳಗಾವಿ ಟಿಳಕವಾಡಿಯ ಮೊಬೈಲ್ ಅಂಗಡಿಯವನು, ಈಗ ಎಲ್ಲರೂ ಒಯ್ಯುವುದು ಇದನ್ನೇ ಎಂದು ಈ ಕಾರ್ಡಿಗೆ ವಚನ ತುಂಬಿಸಿಕೊಟ್ಟ. ಬಸ್ಸು ತಪ್ಪೀತೆಂಬ ಅವಸರದಲ್ಲಿ ಉಳವಪ್ಪ ಫೋನಿಗೆ ಹಾಕಿ ನೋಡದೆಯೇ ಓಡಿಬಂದಿದ್ದ.

ಹುಡುಗಿ ಫೋನಿನ ಬೆನ್ನು ತಿರುಗಿಸಿ ನೋಡಿದಳು. “ನಿಮ್ಮ ಫೋನಿಗೆ ದೊಡ್ಡ ಕಾರ್ಡ ಬೇಕ್ರಿ ಕಾಕಾ. ಇದು ಸಣ್ಣದು.”

“ಕಾರ್ಡಿನ್ಯಾಗೂ ಸಣ್ಣದು ದೊಡ್ಡದು ಇರತಾವೇನು?”

ಅವಳು ನಕ್ಕು ತನ್ನ ಪರ್ಸಿನಿಂದ ಅಂಚೆಚೀಟಿಯಷ್ಟು ಅಗಲದ ಕಾರ್ಡೊಂದನ್ನು ತೆಗೆದಳು. “ನಂದು ನೋಡ್ರಿ. ದೊಡ್ಡದರಾಗ ಹಾಡ ಹೆಚ್ಚ ಹಿಡಿತಾವ ಅಂತ ನಾನs ಆರಿಸಿ ತೊಗೊಂಡೆ. ನನ್ನ ಫೋನಿನ ಬಾಯಿ ಉಗರಷ್ಟs ಐತಿ. ಹೊಳ್ಳಿ ಕೊಡಾಕ ಹೋದ್ರ, ಹಾಡ ತುಂಬಿದ್ದು ವಾಪಸ್ ತೊಗೊಳ್ಳೂದಿಲ್ಲ ಅಂದ ಅಂಗಡಿಯವ.”

ಹೆಸರು ಪ್ರಮಿಳಾ ಎಂದಳು. ಖಾನಾಪುರದವಳೇ. ಟಿಳಕವಾಡಿಯಲ್ಲಿ ನೌಕರಿ, ದಿನಾ ಹೋಗಿಬರುವವಳು. ಉಳವಪ್ಪನೂ ತನ್ನ ಅಂಗಡಿಯ, ವಾರಕ್ಕೊಮ್ಮೆ ಬೆಳಗಾವಿಯಿಂದ ಮಾಲು ತರುವ ಸುದ್ದಿ ಹೇಳಿದ. ಇಬ್ಬರೂ ತಂತಮ್ಮ ಕೈಯಲ್ಲಿದ್ದ ಕಾರ್ಡು ನೋಡಿದರು. ಆಮೇಲೆ ಒಬ್ಬರ ಕೈಯನ್ನೊಬ್ಬರು ನೋಡಿದರು. ಬೇರೆ ಮಾತೇ ಬೇಕಾಗಲಿಲ್ಲ. ಅವಳ ಕಾರ್ಡು ಉಳವಪ್ಪನ ಫೋನಿನೊಳಗೆ ಟಕ್ಕೆಂದು ಕೂತಿತು. ಅವನದು ಅವಳ ಫೋನಿನಲ್ಲಿ ಕೂತಿತು. ಉಳವಪ್ಪನಿಗೆ ಪಗಡೆಯಲ್ಲಿ ಗೆದ್ದಷ್ಟು ಖುಷಿಯಾಗಿ, ಪರೀಕ್ಷೆಗೆಂದು ಗುಂಡಿ ಒತ್ತಿದ.

ಢೋಲಕಿ ಬಡಿದುಕೊಂಡು, ಮದುವೆಯಲ್ಲಿ ಅರಿಶಿನ ಹಚ್ಚುವಾಗ ಹಾಡುವ ಮರಾಠಿಯ ಹಳದಿ ಹಾಡೊಂದು ಇಡೀ ಬಸ್ಸಿಗೆ ಕೇಳುವಂತೆ ಹೊರಬಿತ್ತು. ಮುಂದಿನ ಸೀಟಿನವರೆಲ್ಲ ತಿರುಗಿದರು. ಕಂಡಕ್ಟರು ಟಿಕೆಟ್ ಹರಿಯುತ್ತ, “ಮದಿವಿ ವರಾತ ಯಾವ ಊರಿಗ್ರಿ ಯಜಮಾನ್ರ?” ಎಂದ. ಪ್ರಮಿಳಾಳ ಫೋನಿನಿಂದ ಮೆಲ್ಲಗೆ ತಂಬೂರಿ ಮೀಟಿ ವಚನ ಶುರುವಾಗಿತ್ತು.

ಉಳವಪ್ಪ ಹೇಗೋ ತನ್ನ ಫೋನಿನ ಬಾಯಿ ಮುಚ್ಚಿಸಿದ. “ಇದೇನವ್ವಾ ಇದು?”

“ತಂಗಿ ಲಗ್ನ ಐತ್ರಿ. ಹಳದಿ ದಿನ ಕುಣಿಯಾಕ ತುಂಬಿಸಿದ್ದೆ.”

“ಪೂಜಿ ಹೊತ್ತಿನ್ಯಾಗ ಇದನ್ನ ಹಚ್ಚಿದ್ರ ನಮ್ಮಾಕಿ ಲಿಂಗದ ಜೋಡಿ ನನ್ನೂ ಹೊರಗ ಕುಂದ್ರಸ್ತಾಳ.”

“ಹಾಡ ಅಳಿಸಿ ಬ್ಯಾರೆ ಹಾಕಾಕ ಬರತೈತ್ರಿ ಕಾಕಾ, ಕಾರ್ಡಿನ ಅಳತಿ ಬದಲಿ ಮಾಡಾಕ ಬರೂದಿಲ್ಲ. ನಾ ನಾಳೆನs ತುಂಬಿಸ್ಕೊಂತೇನಿ. ನೀವು ಮುಂದಿನ ವಾರ ಮಾಲ ತರಾಕ ಬಂದಾಗ ವಚನ ತುಂಬಿಸ್ಕೋರಿ. ಇವತ್ತೊಂದಿನ ನಿಮ್ಮ ವಚನ ನಾ ಕೇಳತೇನಿ.”

“ಕೇಳವ್ವಾ, ಛಲೋ ಅದಾವ.”

“ನಮ್ಮವೂ ಛಲೋನs ಅದಾವ್ರಿ,” ಎಂದಳು ಪ್ರಮಿಳಾ. ಉಳವಪ್ಪ ಫೋನನ್ನು ಜೇಬಿಗಿಳಿಸಿದ.

ಮನೆಗೆ ಬಂದವನು ಈ ಸುದ್ದಿ ಎತ್ತಲೇ ಇಲ್ಲ. ಒಂದು ವಾರ ಹೇಗಾದರೂ ತಳ್ಳಿಬಿಟ್ಟರೆ ಆಯಿತು ಎಂದುಕೊಂಡ. ಬೆಳಿಗ್ಗೆ ವಿಭೂತಿ ಹಚ್ಚಿಕೊಂಡು ಪೂಜೆಗೆ ಕೂತಿದ್ದನಷ್ಟೆ, ಅಡುಗೆಮನೆಯಿಂದ ಬಾಳವ್ವನ ದನಿ ಬಂತು.

“ಏನ್ರಿ, ವಚನ ಹಚ್ಚತೇನಿ ಅಂದಿದ್ರಿ?”

“ಅದು... ಕಾರ್ಡ ಜರಾ ಬ್ಯಾರೆ ಬಂದೈತಿ.”

“ಫೋನಿನ್ಯಾಗ ಕುಂತೈತೋ ಇಲ್ಲೋ?”

“ಕುಂತೈತಿ.”

“ಮತ್ತ ಹಚ್ಚರಲ್ಲ. ಊರಿಗೆಲ್ಲಾ ಹೇಳಿ ಈಗ ಸುಮ್ಮ ಕುಂತಾರ.”

ಇಷ್ಟು ಹಾಡುಗಳಲ್ಲಿ ದೇವರದ್ದೊಂದು ಇದ್ದರೂ ಇದ್ದೀತು ಎಂದು ಉಳವಪ್ಪ ಕಟ್ಟಕಡೆಯದನ್ನು ಆರಿಸಿ, ಬಸವಣ್ಣನನ್ನು ನೆನೆದು ಒತ್ತಿದ. ಢೋಲಕಿ ನಿನ್ನೆಗಿಂತ ಜೋರಾಗಿ ಬಡಿದುಕೊಂಡಿತು. ಹೆಂಗಸರ ದಂಡೊಂದು ಗಂಟಲೆತ್ತಿ ಹಳದಿ ಹಚ್ಚತೊಡಗಿತು. ನಿಲ್ಲಿಸುವ ಗುಂಡಿ ಯಾವುದೆಂದು ಗಾಬರಿಯಲ್ಲಿ ತಿಳಿಯಲಿಲ್ಲ. ಒತ್ತಿದ್ದೆಲ್ಲ ದನಿ ಏರಿಸುವುದೇ ಆಯಿತು. ಕೊನೆಗೆ ಫೋನಿನ ಬೆನ್ನು ಕಿತ್ತು ಬ್ಯಾಟರಿಯನ್ನೇ ಹೊರಗೆಳೆದ. ಕಣ್ಣು ಮುಚ್ಚಿ, ಬೈಗುಳಕ್ಕೆ ತಯಾರಾಗಿ ಕೂತ.

ಬೈಗುಳ ಬರಲಿಲ್ಲ. ಬಾಳವ್ವನ ತವರು ಅತ್ತ ಮರಾಠಿ ಮಾತಾಡುವ ಕಣಕುಂಬಿ ಕಡೆ. ಅಂಗಡಿಗೆ ಬಂದ ಗಿರಾಕಿಗಳ ಜತೆ ಅವಳು ಮರಾಠಿಯಲ್ಲಿ ಜಗ್ಗಾಡುವುದನ್ನು ಉಳವಪ್ಪ ದಿನಾ ಕೇಳುತ್ತಿದ್ದ. ಅವಳು ಹಾಡಿದ್ದನ್ನು ಮಾತ್ರ, ಈ ಮನೆಗೆ ಬಂದಾಗಿನಿಂದ, ಯಾವ ಭಾಷೆಯಲ್ಲೂ ಕೇಳಿರಲಿಲ್ಲ.

ಬ್ಯಾಟರಿ ಅವನ ಅಂಗೈಯಲ್ಲಿತ್ತು. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ತಾಳಕ್ಕೆ ಬಾಳವ್ವನ ದನಿಯಲ್ಲಿ ಹಾಡಿನ ಮುಂದಿನ ನುಡಿ ಶುರುವಾಗಿತ್ತು.