ಅಲ್ಲಾಡದ ಕೈ

ಇಕ್ಕಳ ದವಡೆ ಹಲ್ಲನ್ನು ಗಟ್ಟಿಯಾಗಿ ಕಚ್ಚಿಕೊಂಡ ಮೇಲೆ ಅಜ್ಜಿ ಎಳೆಯುವುದನ್ನು ಬಿಟ್ಟು ಮಾತಿಗೆ ನಿಂತಳು. ಮರದ ದಿಮ್ಮಿಯ ಮೇಲೆ ಬಾಯಿ ಅಗಲಿಸಿ ಕೂತಿದ್ದ ಊರ ಯಜಮಾನನಿಗೆ ಜೀವ ಬಾಯಿಗೆ ಬಂತು.

"ನಿನ್ನೆ ಸಭೇಲಿ ಏನಂದೆ ಮಗಾ? ಅಜ್ಜಿಗೆ ವಯಸ್ಸಾಯ್ತು, ಕೈ ನಡುಗುತ್ತೆ, ಇನ್ಮೇಲೆ ಹೆರಿಗೆ, ಮೂಳೆ, ಹಲ್ಲು ಯಾವುದಕ್ಕೂ ಕೈ ಹಾಕಕೂಡದು ಅಂದೆ, ಅಲ್ವಾ?"

ಅಂದಿದ್ದು ನಿಜ. ಗಡಿಯಂಚಿನ ಕಾಡು ಕಡಿದು ಕಟ್ಟಿದ ಈ ಹೊಸ ಊರಿಗೆ ಹೊಳೆಯಾಚೆಯಿಂದ ಡಾಕ್ಟರನ್ನೇ ಕರೆತರುತ್ತೇನೆಂದು ಮೀಸೆ ತಿರುವಿದ್ದೂ ನಿಜ. ಆದರೆ ಡಾಕ್ಟರಿಗಿಂತ ಮೊದಲೇ ಹಲ್ಲುನೋವು ಬಂದುಬಿಟ್ಟಿತ್ತು. ಈಗ ಅವನ ಕೆನ್ನೆ ಕುಂಬಳಕಾಯಿಯಾಗಿತ್ತು. ಬಾಗಿಲಲ್ಲಿ ಅರ್ಧ ಊರೇ ನೆರೆದು ಇಣುಕುತ್ತಿತ್ತು.

"ಎಲ್ಲರ ಎದುರಿಗೇ ಹೇಳು. ಈ ಕೈ ನಡುಗುತ್ತಾ?"

ಇಲ್ಲ ಅನ್ನೋಣವೆಂದರೆ ನಾಲಿಗೆ ಹೊರಳಿಸಲು ಜಾಗವಿರಲಿಲ್ಲ. ಯಜಮಾನ ಇದ್ದಬದ್ದ ಶಕ್ತಿಯನ್ನೆಲ್ಲ ಒಗ್ಗೂಡಿಸಿ ತಲೆಯನ್ನು ಎಡಕ್ಕೂ ಬಲಕ್ಕೂ ಜೋರಾಗಿ ಅಲ್ಲಾಡಿಸಿದ. ಅಜ್ಜಿಯ ಕೈ ಮಾತ್ರ ಬಂಡೆಯಲ್ಲಿ ನೆಟ್ಟ ಹಾಗೆ ಇದ್ದಲ್ಲೇ ಇತ್ತು. ಲಟಕ್ಕೆಂದು ಸದ್ದಾಯಿತು. ಅವನಿಗೆ ಹಗಲಲ್ಲೇ ನಕ್ಷತ್ರ ಕಂಡವು.

ಇಕ್ಕಳದ ತುದಿಯಲ್ಲಿದ್ದ ಹಲ್ಲನ್ನು ಅಜ್ಜಿ ಬಾಗಿಲ ಕಡೆಗೆ ಎತ್ತಿ ತೋರಿಸಿದಳು.

"ನೋಡ್ರಪ್ಪಾ, ಯಜಮಾನ್ರ ಮಾತನ್ನ ನಾನು ಮೀರಿಲ್ಲ. ಸುಮ್ನೆ ಹಿಡ್ಕೊಂಡು ನಿಂತಿದ್ದೆ ಅಷ್ಟೆ. ಕಿತ್ಕೊಂಡಿದ್ದು ಅವರೇ."