ಅವ್ವ ಹಾಡಿದ ರೆಕಾರ್ಡು

1993, ಮೇ ತಿಂಗಳ ಭಾನುವಾರ, ಮಧ್ಯಾಹ್ನ ಮೂರು ಗಂಟೆ, ಶಿಕಾರಿಪುರ. ಹಳೆಯ ನಾಲ್ಕಾಣೆ ಕಂಡಾಗಲೆಲ್ಲ ಆ ಹೊತ್ತು ನೆನಪಾಗುತ್ತದೆ.

ನಾನು ಕೂಸಾಗಿದ್ದಾಗಲೇ ಗಂಟಲಿನ ಆಪರೇಷನ್ ಆಗಿ ಅವ್ವನ ದನಿ ಹೋಗಿತ್ತು. ನಾನು ಅದನ್ನು ಕೇಳಿಯೇ ಇರಲಿಲ್ಲ. ಮದುವೆಗೆ ಮುಂಚೆ ಅವಳು ಹಾಡಿದ್ದ ಒಂದೇ ರೆಕಾರ್ಡು ಮನೆಯಲ್ಲಿತ್ತು. ಅದನ್ನು ನನಗೆ ಕೇಳಿಸಲೆಂದು ಮಾವ ಸೊರಬದ ಮೈಕ್‌ಸೆಟ್ ಅಂಗಡಿಯಿಂದ ಹಳೆಯ ಪ್ಲೇಯರ್ ತಂದಿದ್ದ.

ಅಪ್ಪ ಪ್ಲೇಯರಿನ ಮೇಲೆ ನೀರಿನ ತಟ್ಟೆಯಿಟ್ಟು ಮಟ್ಟ ನೋಡಿ, ತಗ್ಗಿದ್ದ ಕಡೆ ರಟ್ಟು ಮಡಚಿಟ್ಟರು. ಸೂಜಿಯ ಕೈಯ ಹಿಂತುದಿಯ ತೂಕದ ಗುಂಡು ತಿರುಗಿಸಿ, ಆ ಕೈಯನ್ನು ತಕ್ಕಡಿಯ ದಂಡಿಗೆಯಂತೆ ತೂಗಿಸಿದರು.

"ಸೂಜಿ ಹಾರ್ತದೆ ಭಾವ, ಮೇಲೊಂದು ನಾಲ್ಕಾಣೆ ಇಡ್ರೀ. ಲಗ್ನದ ಮನ್ಯಾಗ ಹಂಗೇ ಮಾಡ್ತಾರೆ," ಎಂದ ಮಾವ.

"ಲಗ್ನದ ಮನ್ಯಾಗ ಹಾಡು ಯಾರು ಕೇಳ್ತಾರೋ ಮಾರಾಯ? ಭಾರಕ್ಕೆ ಗೆರೆ ಸವದ್ರೆ ಇನ್ನೊಂದು ಎಲ್ಲಿ ತರ್ಲಿ?"

ಅವ್ವ ಮಾವನ ಕೈಯಿಂದ ನಾಣ್ಯ ಕಿತ್ತು ಸೆರಗಿಗೆ ಗಂಟು ಹಾಕಿಕೊಂಡಳು.

ಸೂಜಿ ಇಳಿಯಿತು. ಕರಕರ ಸದ್ದಿನ ಹಿಂದೆ ಒಬ್ಬ ಹುಡುಗಿ ಹಾಡಲು ತೊಡಗುತ್ತಿದ್ದಂತೆ ಕರೆಂಟು ಹೋಯಿತು.

ಅವ್ವ ನನ್ನ ತಲೆ ಬಗ್ಗಿಸಿ, ಕಿವಿಯನ್ನು ಸೂಜಿಯ ಪಕ್ಕಕ್ಕೆ ತಂದಳು. ಬೆರಳಿನಿಂದ ರೆಕಾರ್ಡನ್ನು ಮೆಲ್ಲಗೆ ತಿರುಗಿಸಿದಳು. ಸೊಳ್ಳೆಯಷ್ಟು ಸಣ್ಣ ದನಿ ಅವಳ ಬೆರಳು ಹೋದಂತೆ ಹಾಡಿತು.

ಆ ರೆಕಾರ್ಡು ಈಗ ನನ್ನ ಬಳಿ ಇದೆ. ಬೆರಳಿನಿಂದ ತಿರುಗಿಸಿದರೆ ಗೆರೆ ಸವೆಯುತ್ತದೆಯೇ? ಬಲ್ಲವರು ದಯವಿಟ್ಟು ಬರೆದು ತಿಳಿಸಿ.